ಗಾಳ ಹಾಕಬಾರದು ಅಂದವರು ಯಾರು? - ಕಾವೇರಿಯ ಬಿಳಿಮೀನಿನ ಕತೆ

"ದೋಣೀಲಿ ಕೂತ್ಕೊಂಡು ಗಾಳ ಹಾಕಬಹುದಾ ಅಂಕಲ್?"

ಕಳೆದ ಚಳಿಗಾಲದಲ್ಲಿ ಮನೆಮಂದಿಯೆಲ್ಲ ರಂಗನತಿಟ್ಟಿಗೆ ಹೋಗಿದ್ದಾಗ ಅಕ್ಕನ ಮಗ ದೋಣಿ ನಡೆಸುವವರನ್ನು ಕೇಳಿದ ಪ್ರಶ್ನೆ ಇದು. ದೋಣಿಯಲ್ಲಿದ್ದವರೆಲ್ಲ ನಕ್ಕರು. ದೋಣಿಯವರು ಮಾತ್ರ ನಗದೆ, "ಹಾಕ್ಬೋದು ಮರಿ, ಆದ್ರೆ ನಿಂಗೆ ಮೀನು ಸಿಗೋಕೆ ಮುಂಚೆ ನಮ್ ಸಾಹೇಬ್ರು ಸಿಗ್ತಾರೆ" ಅಂದರು. ಅಷ್ಟರಲ್ಲಿ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯೊಂದು ಕಂಡಿತು. ಹುಡುಗನ ಗಮನ ಅತ್ತ ಹೋಯಿತು, ಪ್ರಶ್ನೆ ಅಲ್ಲಿಗೇ ಬಿಟ್ಟುಹೋಯಿತು.

ನನ್ನ ತಲೆಯಲ್ಲಿ ಮಾತ್ರ ಅದು ಉಳಿಯಿತು. ಯಾಕೆಂದರೆ ಅವನ ವಯಸ್ಸಿನಲ್ಲಿ ನಾನು ಗಾಳ ಹಾಕಿದ್ದೇನೆ. ಇದೇ ನೀರಿನಲ್ಲಲ್ಲ, ಇದಕ್ಕೆ ಬಂದು ಸೇರುವ ನೀರಿನಲ್ಲಿ. ಕೆ.ಆರ್.ಪೇಟೆ ತಾಲೂಕಿನ ಅಕ್ಕಿಹೆಬ್ಬಾಳಿನ ಹತ್ತಿರ, ಹೇಮಾವತಿಯ ದಡದಲ್ಲಿ, ನನ್ನ ಸೋದರಮಾವನ ಪಕ್ಕ ಕೂತು. ಮಾವನದು ಬಿದಿರು ಕಡ್ಡಿ, ಪೇಟೆಯಿಂದ ತಂದ ನೈಲಾನ್ ದಾರ, ನವಿಲುಗರಿಯ ದಂಟಿನ ಬೆಂಡು. ನಾನು ಐದು ನಿಮಿಷಕ್ಕೊಮ್ಮೆ "ಮಾವ, ಕಚ್ತಾ?" ಅಂತ ಕೇಳುತ್ತಿದ್ದೆ. "ಸುಮ್ಕಿರ್ಲಾ, ಮೀನ್ಗೂ ಕಿವಿ ಅವೆ" ಅನ್ನುತ್ತಿದ್ದರು. ಸಿಕ್ಕಿದ್ದು ಹೆಚ್ಚಾಗಿ ಜಿಲೇಬಿ ಮೀನು, ಅದೃಷ್ಟವಿದ್ದ ದಿನ ಒಂದು ಕೊರವ. ಅದಕ್ಕೆ ಯಾರೂ ಲೈಸೆನ್ಸ್ ಕೇಳಲಿಲ್ಲ, ನಾವೂ ಕೊಡಲಿಲ್ಲ.

ಹಾಗಾದರೆ ಈ ನೀರಿನಲ್ಲಿ ಗಾಳ ಹಾಕಬಹುದು, ಆ ನೀರಿನಲ್ಲಿ ಹಾಕಬಾರದು ಅಂತ ಹೇಳಿದವರು ಯಾರು? ಯಾವಾಗ? ಯಾರಿಗೋಸ್ಕರ? ಊರಿಗೆ ಬಂದ ಮೇಲೆ ಸ್ವಲ್ಪ ಹುಡುಕಿದೆ, ಓದಿದೆ. ಒಂದಕ್ಕೊಂದು ಜೋಡಿಸುತ್ತ ಹೋದಂತೆ ಅದೊಂದು ದೊಡ್ಡ ಕತೆಯೇ ಆಯಿತು. ನೀವೂ ಓದಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಕ್ಷಮಿಸಿ.

ನಮ್ಮ ನಾಲ್ಕು ತಾಲೂಕಿನ ನೀರು

ಮಂಡ್ಯ ಜಿಲ್ಲೆಯ ಪಶ್ಚಿಮದ ಈ ನಾಲ್ಕು ತಾಲೂಕುಗಳನ್ನು ನೀರಿನ ಲೆಕ್ಕದಲ್ಲಿ ನೋಡಿದರೆ ಎಲ್ಲ ಒಂದೇ ಮನೆಯವು. ನಾಗಮಂಗಲ ತಾಲೂಕಿನಲ್ಲಿ ಹುಟ್ಟುವ ಲೋಕಪಾವನಿ ಪಾಂಡವಪುರ ತಾಲೂಕನ್ನು ಹಾದು, ಶ್ರೀರಂಗಪಟ್ಟಣದ ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುತ್ತದೆ. ಕೆ.ಆರ್.ಪೇಟೆಯ ಹೇಮಾವತಿ ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಬರುತ್ತದೆ. ಅಲ್ಲಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೂಡುವ ಜಾಗದ ಊರಿನ ಹೆಸರು ಅಂಬಿಗರಹಳ್ಳಿ. 2013ರಲ್ಲಿ, ಆಮೇಲೆ 2022ರಲ್ಲಿ ಕುಂಭಮೇಳ ನಡೆಯಿತಲ್ಲ, ಅದೇ ಜಾಗ. ದೋಣಿ, ಹರಿಗೋಲು, ಬಲೆ ಇವುಗಳ ಜೊತೆ ಬದುಕಿದವರು ಇಲ್ಲಿ ಎಷ್ಟು ಹಳಬರು ಅನ್ನುವುದಕ್ಕೆ ಶಾಸನವೇನೂ ಬೇಡ, ಊರಿನ ಹೆಸರೇ ಸಾಕು.

ಅಂದರೆ ಮೀನಿಗೆ ಇದೆಲ್ಲ ಒಂದೇ ದಾರಿ. ಮಳೆ ಬಿದ್ದು ಹೊಸನೀರು ಬಂದಾಗ ಮೊಟ್ಟೆಯಿಡಲು ಮೇಲಕ್ಕೆ ಹೋಗುವುದು, ಆಮೇಲೆ ಕೆಳಗಿಳಿಯುವುದು. ಮಲೆನಾಡಿನವರು 'ಹತ್ತುಮೀನು' ಅನ್ನುತ್ತಾರಲ್ಲ, ಅದೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಾಳ ಹಿಡಿದ ಅರಸ

ಗಾಳ ಹಾಕಿ ಮೋಜು ಮಾಡುವುದನ್ನು ಇಂಗ್ಲಿಷರು ತಂದರು ಅಂತ ನಾನು ನಂಬಿದ್ದೆ. ತಪ್ಪು. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಮೇವು, ದಾರ ಹೇಗಿರಬೇಕು, ಗಾಳ ಹೇಗಿರಬೇಕು, ಕಚ್ಚಿದ ಮೇಲೆ ಹೇಗೆ ಆಡಿಸಬೇಕು... ಎಲ್ಲ ಉಂಟು. ಹೊಟ್ಟೆಗಾಗಿ ಹಿಡಿಯುವ ಮಾತಲ್ಲ ಅದು, ಹೆಸರೇ ಹೇಳುವ ಹಾಗೆ ವಿನೋದ. 20ನೇ ಶತಮಾನದಲ್ಲಿ ಮೀನುವಿಜ್ಞಾನಿ ಸುಂದರಲಾಲ್ ಹೋರಾ ಇದನ್ನು ಅಧ್ಯಯನ ಮಾಡಿ ಲೇಖನ ಬರೆದಿದ್ದಾರೆ.

ಇನ್ನೊಂದು ಸ್ವಾರಸ್ಯ. ಸೋಮೇಶ್ವರನ ಕಾಲದಲ್ಲಿ ನಮ್ಮ ಕಡೆ ಆಳುತ್ತಿದ್ದವನು ಹೊಯ್ಸಳ ವಿಷ್ಣುವರ್ಧನ. ಪಾಂಡವಪುರದ ಪಕ್ಕದ ತೊಣ್ಣೂರು ಅವನ ಮತ್ತು ರಾಮಾನುಜಾಚಾರ್ಯರ ಹೆಸರಿನ ಜೊತೆ ಸೇರಿಕೊಂಡ ಊರು. ಅಲ್ಲಿನ ಕೆರೆಯ ತಿಳಿನೀರನ್ನು ನೋಡಿದವರಿಗೆ ಗೊತ್ತು, ಅದನ್ನು ನಂತರ 'ಮೋತಿ ತಲಾಬ್' ಅಂತ ಯಾಕೆ ಕರೆದರು ಅಂತ. ಕಲ್ಯಾಣದಲ್ಲಿ ಅರಸ ಗಾಳದ ಬಗ್ಗೆ ಶ್ಲೋಕ ಬರೆಯುತ್ತಿದ್ದ ಹೊತ್ತಿನಲ್ಲಿ ತೊಣ್ಣೂರಿನ ದಡದಲ್ಲಿ ಯಾವನೋ ಹುಡುಗ ಎರೆಹುಳ ಚುಚ್ಚಿಕೊಂಡು ಕೂತಿದ್ದನೇನೋ! ಅವನ ಬಗ್ಗೆ ಬರೆಯುವವರು ಯಾರು?

ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ

ಈಗ ಏಳುನೂರು ವರ್ಷ ಹಾರಿ 1870ರ ದಶಕಕ್ಕೆ ಬರೋಣ. ನದಿಗೆ ಕಾನೂನಿನ ಗಾಳಿ ಸೋಕಿದ್ದು ಆಗ.

ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನಿಗೆ ಗಾಳದ ಹುಚ್ಚು. ಅವನು ಬರೆದ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾಯಿತು, ಅದೂ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ. ಭಾರತದಲ್ಲಿ ಗಾಳ ಹಾಕುವವರಿಗೆ ಬಹುಕಾಲ ಅದೇ ಕೈಪಿಡಿ. ಅದರ ಕಥಾನಾಯಕ ಮಹಶೀರ್. ಕಾವೇರಿ ದಡದವರು ಬಿಳಿಮೀನು ಅನ್ನುವ, ಅಂಗೈಯಗಲದ ಹುರುಪೆಯ, ಸುಳಿಯಲ್ಲಿ ಎದುರೀಜುವ ಮೀನು.

ಅದೇ 1873ರಲ್ಲಿ ಫ್ರಾನ್ಸಿಸ್ ಡೇ ಎಂಬ ಅಧಿಕಾರಿ ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆ ಬಗ್ಗೆ ಸರ್ಕಾರಕ್ಕೆ ದೊಡ್ಡ ವರದಿ ಕೊಟ್ಟ. ಸಣ್ಣ ಕಣ್ಣಿನ ಬಲೆಗಳು, ಕಾಲುವೆಗೆ ಅಡ್ಡಲಾಗಿ ಕಟ್ಟುವ ಕೂಳಿಗಳು, ನೀರಿಗೆ ಹಾಕುವ ವಿಷ ಇವುಗಳಿಂದ ಮೀನು ಹಾಳಾಗುತ್ತಿದೆ ಅಂದ. ಅದರ ಜೊತೆಗೆ ಇನ್ನೊಂದು ಮಾತನ್ನೂ ಅಂದ: ನೀರಾವರಿಗೆ ಕಟ್ಟುವ ಅಣೆಕಟ್ಟೆಗಳು ಮೀನಿನ ದಾರಿ ಮುಚ್ಚುತ್ತಿವೆ, ಮೀನು ಹತ್ತಲು ಅದರಲ್ಲಿ ದಾರಿ ಬಿಡಬೇಕು ಅಂತ.

ಸರ್ಕಾರ ಮೊದಲ ಮಾತನ್ನು ಕೇಳಿಸಿಕೊಂಡಿತು. ಎರಡನೆಯದನ್ನು ಕೇಳಿಸಿಕೊಂಡ ಹಾಗೆ ಮಾಡಿತು.

1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ಡೈನಮೈಟ್ ಹಾಕಿ ಅಥವಾ ವಿಷ ಬೆರೆಸಿ ಮೀನು ಕೊಂದರೆ ಎರಡು ತಿಂಗಳವರೆಗೆ ಜೈಲು ಅಥವಾ 200 ರೂಪಾಯಿವರೆಗೆ ದಂಡ. ಆ ಕಾಲದ 200 ರೂಪಾಯಿ! ಬಲೆಯ ಕಣ್ಣು ಎಷ್ಟಿರಬೇಕು, ಯಾವ ನೀರನ್ನು ಎಷ್ಟು ಕಾಲ ಮುಚ್ಚಬೇಕು ಅಂತ ನಿಯಮ ಮಾಡುವ ಅಧಿಕಾರವೂ ಅದರಲ್ಲಿತ್ತು.

ಆದರೆ ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ. ನಮ್ಮ ಕಡೆ ಮಹಾರಾಜರ ಆಳ್ವಿಕೆ. ಶ್ರೀರಂಗಪಟ್ಟಣದ ದ್ವೀಪ ಮಾತ್ರ 1799ರ ಯುದ್ಧದಿಂದ ಇಂಗ್ಲಿಷರ ಸ್ವತ್ತಾಗಿತ್ತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದಾಗ ಬೆಂಗಳೂರಿನ ದಂಡು ಪ್ರದೇಶವನ್ನು ತಾವಿಟ್ಟುಕೊಂಡು ದ್ವೀಪವನ್ನು ಮೈಸೂರಿಗೆ ಕೊಟ್ಟರು. ಇಲ್ಲದಿದ್ದರೆ ಗೋಸಾಯಿಘಾಟಿನಲ್ಲಿ ಒಂದು ಕಾನೂನು, ಎದುರು ದಡದಲ್ಲಿ ಇನ್ನೊಂದು ಕಾನೂನು ಆಗಿರುತ್ತಿತ್ತು!

ಮೈಸೂರು ಸರ್ಕಾರ 1901ರಲ್ಲಿ ತನ್ನದೇ ಕಾನೂನು ತಂದಿತು. ಹೆಸರು 'ಮೈಸೂರು ಗೇಮ್ ಅಂಡ್ ಫಿಶ್ ಪ್ರಿಸರ್ವೇಶನ್ ರೆಗ್ಯುಲೇಶನ್'. ಹೆಸರನ್ನು ಇನ್ನೊಮ್ಮೆ ಓದಿ. ಬೇಟೆಯ ಪ್ರಾಣಿ ಮತ್ತು ಮೀನು ಒಂದೇ ಕಾನೂನಿನಲ್ಲಿ. ಮೀನು ಇಲ್ಲಿ ಅಂಬಿಗನ ಅನ್ನವಾಗಿ ಕಾನೂನಿಗೆ ಬರಲಿಲ್ಲ, ದೊರೆಗಳ ಶಿಕಾರಿಯ ಸಾಲಿನಲ್ಲಿ, ಹುಲಿ ಕಾಟಿಗಳ ಪಕ್ಕದಲ್ಲಿ ಕೂತಿತು. ಈ ಕೂರಿಸಿದ ಜಾಗವೇ ನೂರು ವರ್ಷದ ಮೇಲೂ ಕೆಲಸ ಮಾಡಿದ್ದನ್ನು ಮುಂದೆ ನೋಡುತ್ತೀರಿ.

120 ಪೌಂಡಿನ ಮೀನು, 124 ಅಡಿಯ ಕಟ್ಟೆ

ಆ ಕಾಲದ ಮೀನುಗಳ ಗಾತ್ರ ಕೇಳಿದರೆ ಈಗ ಯಾರೂ ನಂಬುವುದಿಲ್ಲ. 1919ರಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ ಹಿಡಿದ ಮಹಶೀರ್ 119 ಪೌಂಡ್, ಅಂದರೆ ಸುಮಾರು 54 ಕಿಲೋ. ಆ ದಾಖಲೆ ಮುರಿಯಲು 27 ವರ್ಷ ಬೇಕಾಯಿತು. ಮುರಿದವರು ಮೈಸೂರಿನವರೇ. ಹುಲಿ ಚಿರತೆಗಳ ಚರ್ಮ ತುಂಬಿ ನಿಲ್ಲಿಸುವ ಕಲೆಗೆ ಹೆಸರಾಗಿದ್ದ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮೀನು ಹಿಡಿದರು. ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಬಹುಕಾಲ ಅದೇ ಹೆಸರಾಂತ ದಾಖಲೆ. ನಮ್ಮ ಮನೆಯಲ್ಲಿ ಒಬ್ಬ ದೊಡ್ಡ ಮನುಷ್ಯನ ತೂಕ!

ಈ ಎರಡು ಮೀನುಗಳ ನಡುವಿನ ವರ್ಷಗಳಲ್ಲೇ ನಮ್ಮ ಕನ್ನಂಬಾಡಿ ಕಟ್ಟೆ ಪೂರ್ತಿಯಾಗಿ ಎದ್ದು ನಿಂತಿತು. 1911ರಲ್ಲಿ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿಯಿತು. 124.8 ಅಡಿ ನೀರು. ಆ ಕಟ್ಟೆಯ ಬಗ್ಗೆ ಕೆಟ್ಟ ಮಾತು ಆಡಲು ನನ್ನ ಬಾಯಿ ಬರುವುದಿಲ್ಲ. ನಮ್ಮ ತಾತ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲದಲ್ಲಿ ಅಪ್ಪ ಕಬ್ಬು ಬೆಳೆದದ್ದು ಆ ನೀರಿನಿಂದ. ನನ್ನ ಫೀಸು ಕಟ್ಟಿದ್ದೂ ಆ ಕಬ್ಬೇ. ನಮ್ಮ ಕಡೆಯ ಮನೆಗಳಲ್ಲಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಪಟ ದೇವರ ಪಟದ ಪಕ್ಕ ಇರುವುದು ಸುಮ್ಮನೆ ಅಲ್ಲ.

ಆದರೆ ಮೀನಿನ ಕಡೆಯಿಂದ ನೋಡಿದರೆ? ಮೇಲೆ ಹತ್ತುವ ದಾರಿ ಅಲ್ಲಿಗೆ ಮುಗಿಯಿತು. ಕನ್ನಂಬಾಡಿಯ ಕೆಳಗಿನ ಬಿಳಿಮೀನು ಹೇಮಾವತಿಗೂ ಹೋಗಲಾರದು, ಕೊಡಗಿಗೂ ಹೋಗಲಾರದು. 1979ರಲ್ಲಿ ಗೊರೂರಿನ ಕಟ್ಟೆ ಬಂದ ಮೇಲೆ ಹೇಮಾವತಿಯೂ ಎರಡು ತುಂಡಾಯಿತು. ಫ್ರಾನ್ಸಿಸ್ ಡೇ 1873ರಲ್ಲಿ ಹೇಳಿದ ಎರಡನೇ ಮಾತು ಇದೇ ಅಲ್ಲವೇ? ಗಾಳದ ಕಡ್ಡಿಗೆ, ಬಲೆಯ ಕಣ್ಣಿಗೆ ಅಳತೆ ಹಾಕಿದ ಕಾನೂನುಗಳು ಕಟ್ಟೆಯ ಗೋಡೆಗೆ ಅಳತೆ ಹಾಕಲಿಲ್ಲ.

ರಂಗನತಿಟ್ಟು: ಹಕ್ಕಿಗಾಗಿ ಉಳಿದ ಮೀನು

1645-48ರ ಸುಮಾರಿಗೆ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಗಟ್ಟೆ ಹಾಕಿಸಿದ್ದರಿಂದ ಶ್ರೀರಂಗಪಟ್ಟಣದ ಮೇಲ್ಭಾಗದಲ್ಲಿ ಸಣ್ಣ ಸಣ್ಣ ನಡುಗಡ್ಡೆಗಳಾದವು. ಅಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದನ್ನು ನೋಡಿದ ಸಲೀಂ ಅಲಿಯವರು ಇದನ್ನು ಕಾಪಾಡಿ ಅಂತ ಮಹಾರಾಜರಿಗೆ ಹೇಳಿದರು. 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು.

ಅಕ್ಕನ ಮಗನ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಸಿಕ್ಕಿತು. ಮೀನನ್ನು ತಿನ್ನುವ ಹಕ್ಕಿಗಾಗಿ ಅಲ್ಲಿ ಮೀನು ಉಳಿಯಿತು. ಹಕ್ಕಿ, ಮೊಸಳೆ, ನೀರುನಾಯಿ ಮೂರೂ ಹಿಡಿಯಬಹುದು, ಮನುಷ್ಯ ಹಿಡಿಯಬಾರದು. ನನಗೆ ಈ ನಿಯಮದ ಬಗ್ಗೆ ತಕರಾರಿಲ್ಲ. ಜಾಗ ಚಿಕ್ಕದು, ಕಾವಲಿದೆ, ನಿಯಮ ಎಲ್ಲರಿಗೂ ಒಂದೇ, ದೊಡ್ಡವರು ಬಂದರೂ ಗಾಳ ಹಾಕುವಂತಿಲ್ಲ.

ಇನ್ನೂ ಮೇಲಕ್ಕೆ ಹೋದರೆ, ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯ ಮೀನುಗಳಿವೆ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿವೆ. ಅವನ್ನು ಕಾದದ್ದು ಕಾಯ್ದೆ ಅಲ್ಲ, 'ದೇವರ ಮೀನು' ಎಂಬ ಒಂದು ಮಾತು. ಭಕ್ತರು ಪುರಿ ಎಸೆಯುತ್ತಾರೆ, ಮೀನು ಮೈಮೇಲೆ ಬೀಳುವ ಹಾಗೆ ಬರುತ್ತದೆ. ಕಾವಲಿಗೆ ಜನ ಇರುವ ಕಡೆ ಮೀನು ಇದೆ. ಇದನ್ನೂ ನೆನಪಿಟ್ಟುಕೊಳ್ಳಿ.

ರಾಗಿಮುದ್ದೆ ಕಚ್ಚಿದ ಮೀನು

ಸ್ವಾತಂತ್ರ್ಯ ಬಂದ ಮೇಲೆ ಗಾಳದ ದೊರೆಗಳು ಊರಿಗೆ ಹೋದರು. ಕಾವೇರಿಯ ದೊಡ್ಡ ಮಹಶೀರ್ ಮುಗಿದೇಹೋಯಿತು ಅಂತ ಹೊರಗಿನವರು ಅಂದುಕೊಂಡರು. 1977-78ರಲ್ಲಿ 'ಟ್ರಾನ್ಸ್ ವರ್ಲ್ಡ್ ಫಿಶಿಂಗ್ ಟೀಮ್' ಅಂತ ಹೆಸರಿಟ್ಟುಕೊಂಡ ಮೂವರು ಇಂಗ್ಲಿಷ್ ಹುಡುಗರು ಇದನ್ನು ಪರೀಕ್ಷೆ ಮಾಡಲು ಬಂದರು. ಶ್ರೀರಂಗಪಟ್ಟಣದಿಂದ ಕೆಳಗೆ, ಶಿವನಸಮುದ್ರವನ್ನೂ ದಾಟಿ, ಮಳವಳ್ಳಿ ಕನಕಪುರದ ಕಡೆಯ ಕಾಡಿನ ಕಾವೇರಿಯಲ್ಲಿ 1978ರಲ್ಲಿ ಅವರಿಗೆ 92 ಪೌಂಡಿನ ಮೀನು ಸಿಕ್ಕಿತು. ಮುಗಿದಿರಲಿಲ್ಲ!

ಸುದ್ದಿ ಹರಡಿತು. 1972ರಲ್ಲಿ ಶುರುವಾಗಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘ (ವಾಸಿ ಅಂತಲೇ ಪ್ರಸಿದ್ಧಿ) ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಇಟ್ಟಿತು. ಆಮೇಲೆ ಸರ್ಕಾರದ ಜಂಗಲ್ ಲಾಡ್ಜಸ್ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಮೀನು ಕ್ಯಾಂಪುಗಳನ್ನು ನಡೆಸಿತು. ಪ್ರಪಂಚದ ಮೂಲೆಮೂಲೆಯಿಂದ ಗಾಳದವರು ಬಂದರು. ಟಿವಿಯಲ್ಲಿ 'ರಿವರ್ ಮಾನ್‌ಸ್ಟರ್ಸ್' ನೋಡಿದ್ದೀರಲ್ಲ, ಅದರ ಜೆರೆಮಿ ವೇಡ್ ಕೂಡ ಅಲ್ಲಿಗೆ ಬಂದವರು. ಪಾಲ್ ಬೂಟ್ ಜೊತೆ ಸೇರಿ 1992ರಲ್ಲಿ ಪುಸ್ತಕವನ್ನೇ ಬರೆದರು.

ಅಲ್ಲಿನ ನಿಯಮ ಹೀಗಿತ್ತು: ಹಣ ಕಟ್ಟಿ ಪರವಾನಗಿ ಪಡೆಯಬೇಕು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಪಟ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡಬೇಕು. ಗಾಳದವರನ್ನು ಹರಿಗೋಲಿನಲ್ಲಿ ಕರೆದುಕೊಂಡು ಹೋಗಿ ಜಾಗ ತೋರಿಸುವವರು ಅಕ್ಕಪಕ್ಕದ ಹಳ್ಳಿಯವರು. ಅವರಲ್ಲಿ ಕೆಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ. ಯಾವ ಮಡುವಿನಲ್ಲಿ ಯಾವ ಮೀನಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೀನು ಕೊಂದರೆ ಒಂದು ಹೊತ್ತಿನ ಸಾರು, ಬದುಕಿದ್ದರೆ ತಿಂಗಳ ಸಂಬಳ. ಅವರೇ ಡೈನಮೈಟಿನವರನ್ನು ಅಟ್ಟಲು ನಿಂತರು.

ಮೇವು ಏನು ಗೊತ್ತೇ? ನಮ್ಮ ರಾಗಿ! ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರಕ್ಕೋ ಅದಕ್ಕಿಂತ ದೊಡ್ಡದಕ್ಕೋ ಉಂಡೆ ಕಟ್ಟಿ ಗಾಳಕ್ಕೆ ಮೆತ್ತುವುದು. ಸಾವಿರಾರು ಮೈಲಿ ದೂರದಿಂದ ಸಾವಿರಾರು ರೂಪಾಯಿಯ ರೀಲು ತಂದ ಸಾಹೇಬರು ಕೊನೆಗೆ ಮಂಡ್ಯದವರ ಮುದ್ದೆಗೆ ಶರಣು. ಮೀನೂ ನಮ್ಮ ಕಡೆಯದೇ ನೋಡಿ, ಮುದ್ದೆ ಬಿಟ್ಟರೆ ಬೇರೆ ಯಾಕೆ ಮುಟ್ಟುತ್ತದೆ!

ಗಾಳವೂ ಬೇಟೆಯಾದಾಗ

ಈ ಕ್ಯಾಂಪುಗಳಿದ್ದ ಕಾಡು 1987ರಲ್ಲಿ ಕಾವೇರಿ ವನ್ಯಜೀವಿ ಧಾಮವಾಯಿತು. 1972ರ ವನ್ಯಜೀವಿ ಕಾಯ್ದೆಯಲ್ಲಿ 'ಪ್ರಾಣಿ' ಎಂಬ ಪದದ ವಿವರಣೆಗೆ 2002ರ ತಿದ್ದುಪಡಿಯಲ್ಲಿ ಮೀನನ್ನೂ ಸೇರಿಸಿದರು. ಪ್ರಾಣಿಯನ್ನು ಸೆರೆಹಿಡಿಯುವುದೂ 'ಬೇಟೆ'. ಧಾಮದೊಳಗೆ ಬೇಟೆ ಅಪರಾಧ. ಕೂಡಿಸಿ ನೋಡಿ: ಹಿಡಿದು ಬಿಟ್ಟರೂ ಅದು ಬೇಟೆಯೇ. 2012ರ ಹೊತ್ತಿಗೆ ಕ್ಯಾಂಪುಗಳಲ್ಲಿ ಗಾಳ ನಿಂತಿತು.

1901ರಲ್ಲಿ ಮೀನನ್ನು ಶಿಕಾರಿಯ ಸಾಲಿನಲ್ಲಿ ಕೂರಿಸಿದ್ದರಲ್ಲ, ನೂರು ವರ್ಷದ ಮೇಲೆ ಅದೇ ಸಾಲಿನಲ್ಲಿ ಕೂತಿದ್ದಕ್ಕೆ ಗಾಳ ಕೋವಿಯಾಯಿತು.

ಇದು ಸರಿಯೇ ತಪ್ಪೇ? ಪ್ರಾಮಾಣಿಕವಾಗಿ ಹೇಳುತ್ತೇನೆ, ಎರಡೂ ಕಡೆ ಮಾತಿದೆ. ಆನೆ ಜಿಂಕೆಗೆ ಒಂದು ನ್ಯಾಯ, ಮೀನಿಗೆ ಇನ್ನೊಂದು ನ್ಯಾಯ ಯಾಕೆ? ಹಣವಂತರ ಮೋಜಿಗೆ ಧಾಮದ ಬಾಗಿಲು ತೆರೆದು, ಬಲೆ ಹಿಡಿದ ಬೆಸ್ತರಿಗೆ ಮುಚ್ಚುವುದು ಯಾವ ನ್ಯಾಯ? ಬಾಯಿಗೆ ಕೊಂಡಿ ಸಿಕ್ಕಿಸಿಕೊಂಡು ಒದ್ದಾಡುವುದು ಮೀನಿಗೆ ವಿನೋದವಲ್ಲ. ಇದೆಲ್ಲ ನಿಜ.

ಆದರೆ ಇನ್ನೊಂದು ಸಂಗತಿ ಇದೆ. ಗಾಲಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟ ಲೆಕ್ಕದ ಪುಸ್ತಕಗಳು ಉಳಿದಿದ್ದವು. ಎಷ್ಟು ಗಂಟೆ ಕೂತರು, ಎಷ್ಟು ಮೀನು, ಎಷ್ಟು ತೂಕ, ಎಲ್ಲ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಅದನ್ನು ಕೂತು ಓದಿದರು. ಮೇಲ್ನೋಟಕ್ಕೆ ಸಂತೋಷದ ಸುದ್ದಿ: ಸಿಕ್ಕುವ ಮೀನಿನ ಸಂಖ್ಯೆ ಹೆಚ್ಚುತ್ತ ಬಂದಿತ್ತು. ಒಳಗೆ ನೋಡಿದರೆ ಎದೆ ಧಸಕ್ಕೆನ್ನುವ ಸುದ್ದಿ. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಅದು ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ಕಂಪನಿಯವರು ಮರಿ ಮಾಡಿಸಿದ ಜಾತಿ. ಆ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ದೇಶದ ಹಲವು ನದಿಗಳಿಗೆ ಹಂಚಿದ್ದರು, ನಮ್ಮ ಕಾವೇರಿಗೂ ಬಿಟ್ಟಿದ್ದರು. ಕಾವೇರಿಯ ಸ್ವಂತ ಮೀನು, ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಆ ದೈತ್ಯ, ಕಡಿಮೆಯಾಗುತ್ತ ಆಗುತ್ತ, ಅದರ ಮರಿಗಳೇ ಸಿಗದ ಸ್ಥಿತಿಗೆ ಬಂದಿತ್ತು.

ಇನ್ನೂ ವಿಚಿತ್ರ ಕೇಳಿ. ಲೋಕಪ್ರಸಿದ್ಧವಾದ ಆ ಗೂನುಬೆನ್ನಿನ ಮೀನಿಗೆ ಅಷ್ಟು ಕಾಲವೂ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲ! ಕೇರಳದ ಪಾಂಬಾರಿನಲ್ಲಿ (ಅದೂ ಕಾವೇರಿಯ ಉಪನದಿಗಳ ಕೂಟದ್ದೇ) ಸಿಕ್ಕ ಮೀನಿಗೆ 2007ರಲ್ಲಿ 'ಟಾರ್ ರೆಮಾದೇವಿ' ಎಂಬ ಹೆಸರಿಟ್ಟಿದ್ದರು. ಎರಡೂ ಒಂದೇ ಮೀನು ಅಂತ ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಐಯುಸಿಎನ್ ಅದನ್ನು 'ತೀವ್ರ ಅಪಾಯದಲ್ಲಿರುವ' ಪಟ್ಟಿಗೆ ಹಾಕಿತು. ಅಂದರೆ ನಾಮಕರಣ ಮತ್ತು ತಿಥಿಯ ಎಚ್ಚರಿಕೆ ಎರಡೂ ಒಟ್ಟಿಗೆ.

ಈಗ ಯೋಚಿಸಿ. ಈ ಮೀನು ಸಾಯುತ್ತಿದೆ ಅಂತ ನಮಗೆ ಗೊತ್ತಾಗಿದ್ದು ಯಾರಿಂದ? ಗಾಳ ಹಿಡಿದು ಕೂತು ಎಣಿಸಿದವರಿಂದ. ಗಾಳ ನಿಂತ ದಿನ ಆ ಎಣಿಕೆಯೂ ನಿಂತಿತು. ಹರಿಗೋಲಿನವರ ಆ ಕೆಲಸವೂ ಹೋಯಿತು. ರಾತ್ರಿ ಡೈನಮೈಟ್ ಎಸೆಯುವವನಿಗೆ ಏನೂ ಹೋಗಲಿಲ್ಲ. ಅವನಿಗೆ ಮೊದಲೂ ಲೈಸೆನ್ಸ್ ಇರಲಿಲ್ಲ, ಆಮೇಲೂ ಬೇಕಾಗಲಿಲ್ಲ.

ಇವತ್ತು ಗಾಳ ಹಾಕುವವರಿಗೆ

ಈಗ ಬೆಂಗಳೂರು ಮೈಸೂರಿನ ಹುಡುಗರಿಗೆ ರಾಡು ರೀಲಿನ ಹುಚ್ಚು ಮತ್ತೆ ಬಂದಿದೆ. ಭಾನುವಾರ ಹಿನ್ನೀರಿನ ಕಡೆ ಹೋದರೆ ಕಾಣುತ್ತಾರೆ. ಅವರಿಗೆ ನಾಲ್ಕು ಮಾತು.

ರಂಗನತಿಟ್ಟು ಪಕ್ಷಿಧಾಮ, ಅಲ್ಲಿ ಕೇಳುವುದೇ ಬೇಡ. ಕನ್ನಂಬಾಡಿ ಕಟ್ಟೆ ಭದ್ರತೆಯ ಜಾಗ, ಅದರ ಹತ್ತಿರ ದೋಣಿ ಗಾಳ ಎರಡೂ ಬೇಡ. ಉಳಿದ ಕಡೆ, ಕೆರೆ ಖಾಲಿ ಕಂಡರೂ ಅದಕ್ಕೊಬ್ಬ ಯಜಮಾನ ಇರುತ್ತಾನೆ. ಕೆರೆ ದೊಡ್ಡದಿದ್ದರೆ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯದು, ಚಿಕ್ಕದಾದರೆ ಗ್ರಾಮ ಪಂಚಾಯಿತಿಯದು. ಅವರು ಅದನ್ನು ಸಹಕಾರ ಸಂಘಕ್ಕೋ ಬೇರೆಯವರಿಗೋ ಗುತ್ತಿಗೆ ಕೊಟ್ಟಿರುತ್ತಾರೆ. ನಾಗಮಂಗಲದ ಕೆರೆಯಾಗಲಿ ಪಾಂಡವಪುರದ ಕೆರೆಯಾಗಲಿ, ಅಲ್ಲಿ ಬೆಳೆದ ಕಾಟ್ಲಾ ರೋಹು ಸಾಲ ಮಾಡಿ ಮರಿ ಬಿಟ್ಟವನ ಬೆಳೆ. ನಿಮಗೆ ಅದು ಮೋಜು, ಅವನಿಗೆ ಗದ್ದೆಗೆ ನುಗ್ಗಿದ ಹಸು. ಕೇಳಿ ಕೂತರೆ ಬಹಳ ಸಲ ಬೇಡ ಅನ್ನುವುದಿಲ್ಲ, ಟೀ ಕೂಡ ಕೊಡುತ್ತಾರೆ.

ಮೀನು ಹಿಡಿಯಲು ಪರವಾನಗಿ ಬೇಕು, ವಿಷ ಮತ್ತು ಸಿಡಿಮದ್ದು ಹಾಕುವುದು ಅಪರಾಧ ಅಂತ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ಹೇಳುತ್ತದೆ. ತಾಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಹೊಸನೀರು ಬರುವ ಕಾಲದಲ್ಲಿ, ಕಾನೂನು ಏನೇ ಹೇಳಲಿ, ಗಾಳ ಮನೆಯಲ್ಲೇ ಇರಲಿ. ಒಂದು ಬಸುರಿ ಮೀನು ಅಂದರೆ ಮುಂದಿನ ವರ್ಷದ ನದಿ. ಬಿಳಿಮೀನು ಏನಾದರೂ ಅಪ್ಪಿತಪ್ಪಿ ಸಿಕ್ಕರೆ ಫೋಟೋಗೂ ಕಾಯದೆ ನೀರಿಗೆ ಬಿಡಿ.

ಕೊನೆಗೆ

ನೂರೈವತ್ತು ವರ್ಷದ ನಿಯಮಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದಾಗ ನನಗೆ ಕಂಡಿದ್ದು ಇಷ್ಟು. ಪ್ರತಿ ನಿಯಮವೂ ದಡದಲ್ಲಿ ಹಗಲು ಹೊತ್ತು ಕಣ್ಣಿಗೆ ಕಾಣುವ ಹಾಗೆ ಕೂತ ಮನುಷ್ಯನನ್ನು ಸುಲಭವಾಗಿ ಎಬ್ಬಿಸಿತು. ಕತ್ತಲಲ್ಲಿ ಬರುವವನನ್ನು, ನದಿಗೆ ಅಡ್ಡ ನಿಂತ ಗೋಡೆಯನ್ನು, ಒಳ್ಳೆಯ ಮನಸ್ಸಿನಿಂದ ಪರಜಾತಿಯ ಮರಿ ತಂದು ಸುರಿದ ಕೈಯನ್ನು ಅದು ಮುಟ್ಟಲಿಲ್ಲ. ಮೀನು ಉಳಿದದ್ದು ರಾಮನಾಥಪುರದಲ್ಲಿ, ರಂಗನತಿಟ್ಟಿನಲ್ಲಿ. ಎರಡೂ ಕಡೆ ನಿಯಮದ ಜೊತೆ ಒಂದು ಜೊತೆ ಕಣ್ಣು ಇತ್ತು. ಬರೀ ಬೋರ್ಡು ಇದ್ದ ಕಡೆ ಬೋರ್ಡು ಉಳಿಯಿತು.

ಹೋದ ಸಲ ಊರಿಗೆ ಹೋದಾಗ ಮಾವನನ್ನು ಕೇಳಿದೆ, "ಮಾವ, ನೀವು ಯಾವಾಗಾದ್ರೂ ಬಿಳಿಮೀನು ಹಿಡಿದಿದ್ರಾ?" ಅಂತ. ಈಗ ಅವರಿಗೆ ಮಂಡಿ ನೋವು, ನದಿಗೆ ಇಳಿಯುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು.

"ನಾನ್ ಹಿಡ್ದಿಲ್ಲ ಕಣಪ್ಪ. ನಮ್ಮಪ್ಪ ಹಿಡ್ದಿದ್ದನ್ನ ನೋಡಿವ್ನಿ. ಹೆಗಲ್ ಮ್ಯಾಲೆ ಹೊತ್ಕೊಂಡ್ ಬಂದಿದ್ದ, ಬಾಲ ನೆಲಕ್ಕೆ ತಾಗ್ತಿತ್ತು. ಊರಿಗೆಲ್ಲಾ ಹಂಚಿದ್ವಿ."

ಮಾವನಪ್ಪ ಹಿಡಿದಿದ್ದರು. ಮಾವ ನೋಡಿದ್ದರು. ನಾನು ಕೇಳಿದೆ. ಅಕ್ಕನ ಮಗನಿಗೆ ಏನು ಉಳಿಯುತ್ತದೆ ಅಂತ ಯೋಚಿಸಿದರೆ ಉತ್ತರ ಹೊಳೆಯುತ್ತಿಲ್ಲ. ಸದ್ಯಕ್ಕೆ ಈ ಬರಹ ಓದಿಸುತ್ತೇನೆ. ನಿಮ್ಮ ಊರಿನ ಹೊಳೆಯಲ್ಲಿ ಈ ಮೀನನ್ನು ಕಂಡ ಹಿರಿಯರು ಇದ್ದರೆ ದಯವಿಟ್ಟು ಕೂತು ಕೇಳಿ ಬರೆದಿಡಿ. ಎಣಿಸುವವರು ಕಡಿಮೆಯಾಗಿದ್ದಾರೆ, ನೆನಪಿಟ್ಟವರಾದರೂ ಉಳಿಯಲಿ.